ಸಹಾಯಕ ತರಬೇತುದಾರ ಎಂದೂ ಸಹಾಯಕನೇ?

ಭಾರತದ ಹಾಕಿಯಲ್ಲಿ 'ಸಹಾಯಕ ತರಬೇತುದಾರ' ಎಂಬ ಹುದ್ದೆಗೆ ಒಂದು ವಿಚಿತ್ರ ಗುಣವಿದೆ. ಬೇರೆ ದೇಶಗಳಲ್ಲಿ ಅದು ಏಣಿಯ ನಡುವಿನ ಮೆಟ್ಟಿಲು. ನಮ್ಮಲ್ಲಿ ಕೊನೆಯ ಮೆಟ್ಟಿಲು. ಮುಖ್ಯ ತರಬೇತುದಾರ ರಾಜೀನಾಮೆ ನೀಡಿದಾಗ ಅಥವಾ ಆತನನ್ನು ವಜಾ ಮಾಡಿದಾಗ ತಂಡವನ್ನು ಕೆಲವು ವಾರ ನೋಡಿಕೊಳ್ಳಲು ಸಹಾಯಕ ಬೇಕು. ಹೊಸಬರು ವಿಮಾನದಿಂದ ಇಳಿದೊಡನೆ ಆತ ಮತ್ತೆ ತನ್ನ ಹಳೆಯ ಜಾಗಕ್ಕೆ ಸರಿಯಬೇಕು. ಇದು ಎಷ್ಟು ಸಲ ನಡೆದಿದೆಯೆಂದರೆ, ಹೀಗಲ್ಲದೆ ಬೇರೆ ದಾರಿಯೂ ಇದ್ದೀತೆಂಬ ಯೋಚನೆಯೇ ಕ್ರೀಡಾ ಆಡಳಿತಗಾರರಿಗೆ ಬರುವಂತೆ ಕಾಣುವುದಿಲ್ಲ.

ಲೆಕ್ಕ ನೋಡಿ. 2011ರ ಮಧ್ಯಭಾಗದಲ್ಲಿ ಆಸ್ಟ್ರೇಲಿಯಾದ ಮೈಕೆಲ್ ನಾಬ್ಸ್ ಪುರುಷರ ಹಾಕಿ ತಂಡದ ಹೊಣೆ ಹೊತ್ತರು. ಅವರ ನಂತರ ಟೆರಿ ವಾಲ್ಶ್, ಪಾಲ್ ವಾನ್ ಆಸ್, ರೋಲಂಟ್ ಓಲ್ಟ್‌ಮನ್ಸ್, ಶೋರ್ಡ್ ಮರೈನ್, ಹರೇಂದ್ರ ಸಿಂಗ್, ಗ್ರಹಾಂ ರೀಡ್ ಹಾಗೂ ಕ್ರೇಗ್ ಫುಲ್ಟನ್ ಬಂದರು. ಹೀಗೆ ನೇಮಕಗೊಂಡ ಎಂಟು ಪೂರ್ಣಾವಧಿ ಮುಖ್ಯ ತರಬೇತುದಾರರಲ್ಲಿ ಏಳು ಮಂದಿ ವಿದೇಶಿಯರು. ಏಕೈಕ ಭಾರತೀಯ ಹರೇಂದ್ರ ಸಿಂಗ್ ಅವರಿಗೆ ದೊರೆತದ್ದು ಎಂಟು ತಿಂಗಳು. 2018ರ ಮೇ ತಿಂಗಳಲ್ಲಿ ಅವರು ಅಧಿಕಾರ ವಹಿಸಿಕೊಂಡರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಭುವನೇಶ್ವರದ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಭಾರತ 1-2ರಿಂದ ನೆದರ್ಲೆಂಡ್ಸ್‌ಗೆ ಸೋತಿತು. 2019ರ ಜನವರಿಯಲ್ಲಿ ಅವರನ್ನು ಕೈಬಿಡಲಾಯಿತು. ಇದೇ ಹರೇಂದ್ರ 2016ರಲ್ಲಿ ಲಖನೌದಲ್ಲಿ ಭಾರತದ ಕಿರಿಯರಿಗೆ ವಿಶ್ವಕಪ್ ಗೆದ್ದುಕೊಟ್ಟಿದ್ದರು ಎಂಬುದನ್ನು ಆಗ ಯಾರೂ ಹೆಚ್ಚು ನೆನಪಿಸಿಕೊಳ್ಳಲಿಲ್ಲ.

ವಿದೇಶಿ ತರಬೇತುದಾರರನ್ನು ಕರೆತಂದದ್ದು ತಪ್ಪು ಎಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಹಾಗೆ ವಾದಿಸಿದರೆ ಫಲಿತಾಂಶಗಳೇ ಅದನ್ನು ಅಲ್ಲಗಳೆಯುತ್ತವೆ. 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನದ ಬಳಿಕ 41 ವರ್ಷ ಪದಕವಿಲ್ಲದೆ ಬರಿಗೈಯಲ್ಲಿದ್ದ ಭಾರತಕ್ಕೆ 2021ರಲ್ಲಿ ಟೋಕಿಯೊದಲ್ಲಿ ಕಂಚು ಬಂದದ್ದು ರೀಡ್ ಅವರ ಕಾಲದಲ್ಲಿ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಚಿನ್ನ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚು ಫುಲ್ಟನ್ ಅವರ ಕಾಲದ್ದು. ಯೂರೋಪ್ ಮತ್ತು ಆಸ್ಟ್ರೇಲಿಯಾದ ಹಾಕಿ ಕಂಡುಕೊಂಡ ದೈಹಿಕ ಸಿದ್ಧತೆ, ವಿಡಿಯೊ ವಿಶ್ಲೇಷಣೆ, ಪೆನಾಲ್ಟಿ ಕಾರ್ನರ್ ತಂತ್ರಗಳು ಅವರ ಮೂಲಕ ನಮ್ಮ ಶಿಬಿರಗಳಿಗೆ ಬಂದವು. ಅದಕ್ಕೆ ಕೃತಜ್ಞರಾಗಿರಬೇಕು.

ಆದರೆ ಈ ಇಬ್ಬರು ಯಶಸ್ವಿ ತರಬೇತುದಾರರು ರೂಪುಗೊಂಡದ್ದು ಹೇಗೆ ಎಂಬುದನ್ನು ಗಮನಿಸಿದರೆ ನಮ್ಮ ವ್ಯವಸ್ಥೆಯ ಕೊರತೆ ಸ್ಪಷ್ಟವಾಗುತ್ತದೆ. ಗ್ರಹಾಂ ರೀಡ್ ಆಸ್ಟ್ರೇಲಿಯಾ ತಂಡದಲ್ಲಿ ರಿಕ್ ಚಾರ್ಲ್ಸ್‌ವರ್ತ್ ಅವರ ಸಹಾಯಕರಾಗಿದ್ದವರು. 2014ರಲ್ಲಿ ವಿಶ್ವಕಪ್ ಗೆದ್ದುಕೊಟ್ಟು ಚಾರ್ಲ್ಸ್‌ವರ್ತ್ ನಿರ್ಗಮಿಸಿದಾಗ ಆಸ್ಟ್ರೇಲಿಯಾ ಹೊರಗೆ ಹುಡುಕಲಿಲ್ಲ, ಪಕ್ಕದಲ್ಲಿದ್ದ ಸಹಾಯಕನನ್ನೇ ಮುಖ್ಯಸ್ಥನನ್ನಾಗಿ ಮಾಡಿತು. ರಿಯೊ ಒಲಿಂಪಿಕ್ಸ್‌ನಲ್ಲಿ ಆ ತಂಡ ನಿರೀಕ್ಷೆ ಮುಟ್ಟಲಿಲ್ಲ. ರೀಡ್ ಮುಂದೆ ನೆದರ್ಲೆಂಡ್ಸ್‌ಗೆ ಹೋಗಿ ಮತ್ತೊಮ್ಮೆ ಸಹಾಯಕರಾದರು. ಅಲ್ಲಿಂದ ಭಾರತಕ್ಕೆ ಬಂದರು. ಕ್ರೇಗ್ ಫುಲ್ಟನ್ ಐರ್ಲೆಂಡ್ ಪುರುಷರ ತಂಡವನ್ನು ರಿಯೊ ಒಲಿಂಪಿಕ್ಸ್‌ಗೆ ಕೊಂಡೊಯ್ದವರು. ಆನಂತರ ಬೆಲ್ಜಿಯಂನಲ್ಲಿ ಶೇನ್ ಮೆಕ್ಲಿಯೋಡ್ ಅವರ ಸಹಾಯಕರಾಗಿ ಟೋಕಿಯೊ ಚಿನ್ನದಲ್ಲಿ ಪಾಲು ಪಡೆದರು. ಅಂದರೆ ಪರದೇಶಗಳು ಸಹಾಯಕರನ್ನು ಬೆಳೆಸಿ, ಅವರಿಗೆ ಹೊಣೆ ಕೊಟ್ಟು, ಸೋಲಲೂ ಅವಕಾಶ ನೀಡಿ ಪಕ್ವಗೊಳಿಸುತ್ತವೆ. ಹಾಗೆ ಪಕ್ವವಾದವರನ್ನು ನಾವು ಸಂಬಳ ಕೊಟ್ಟು ತರುತ್ತೇವೆ. ಬೇರೆಯವರ ಸಹಾಯಕ ನಮಗೆ ಮುಖ್ಯಸ್ಥನಾಗಬಲ್ಲ. ನಮ್ಮ ಸಹಾಯಕ ನಮಗೆ ಎಂದೂ ಸಹಾಯಕನೇ.

2023ರ ಆರಂಭದ ವಿದ್ಯಮಾನ ಈ ದೃಷ್ಟಿಯಿಂದ ಮನನೀಯ. ಆ ವರ್ಷ ಜನವರಿಯಲ್ಲಿ ಒಡಿಶಾದಲ್ಲಿ ನಡೆದ ವಿಶ್ವಕಪ್‌ನಲ್ಲಿ ಭಾರತ ನ್ಯೂಜಿಲೆಂಡ್‌ಗೆ ಶೂಟೌಟ್‌ನಲ್ಲಿ ಸೋತು ಕ್ವಾರ್ಟರ್ ಫೈನಲ್ ತಲುಪದೆ ಹೊರಬಿತ್ತು. ರೀಡ್ ರಾಜೀನಾಮೆ ನೀಡಿದರು. ಮಾರ್ಚ್‌ನಲ್ಲಿ ರೂರ್ಕೆಲಾದಲ್ಲಿ ಪ್ರೊ ಲೀಗ್ ಪಂದ್ಯಗಳಿದ್ದವು. ಎದುರಾಳಿಗಳು ಆಗಷ್ಟೇ ವಿಶ್ವಕಪ್ ಗೆದ್ದಿದ್ದ ಜರ್ಮನಿ ಮತ್ತು ಬಲಿಷ್ಠ ಆಸ್ಟ್ರೇಲಿಯಾ. ಫುಲ್ಟನ್ ಅವರ ನೇಮಕ ಪ್ರಕಟವಾಗಿದ್ದರೂ ಅವರಿನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ. ಆಸ್ಟ್ರೇಲಿಯಾದ ಡೇವಿಡ್ ಜಾನ್ ಅವರನ್ನು ಹಂಗಾಮಿ ತರಬೇತುದಾರರನ್ನಾಗಿ ಮಾಡಿ, ಜೊತೆಗೆ ಕರ್ನಾಟಕದ ಬಿ.ಜೆ. ಕಾರ್ಯಪ್ಪ ಮತ್ತು ಮಾಜಿ ಆಟಗಾರ ಶಿವೇಂದ್ರ ಸಿಂಗ್ ಅವರಿಗೆ ತಂಡವನ್ನು ಒಪ್ಪಿಸಲಾಯಿತು. ವಿಶ್ವಕಪ್ ಸೋಲಿನಿಂದ ಕುಗ್ಗಿದ್ದ ತಂಡ ಜರ್ಮನಿಯನ್ನು 3-2 ಹಾಗೂ 6-3ರಿಂದ, ಆಸ್ಟ್ರೇಲಿಯಾವನ್ನು ಒಮ್ಮೆ 5-4ರಿಂದ, ಇನ್ನೊಮ್ಮೆ 2-2ರ ಸಮಬಲದ ನಂತರ ಶೂಟೌಟ್‌ನಲ್ಲಿ ಸೋಲಿಸಿತು. ನಾಲ್ಕಕ್ಕೆ ನಾಲ್ಕೂ ಗೆಲುವು.

ನಾಲ್ಕು ಪಂದ್ಯಗಳಿಂದ ಯಾರ ಸಾಮರ್ಥ್ಯವೂ ಅಂತಿಮವಾಗಿ ತೀರ್ಮಾನವಾಗುವುದಿಲ್ಲ, ನಿಜ. ತವರಿನ ಅಂಗಳ, ಎದುರಾಳಿಗಳ ತಂಡದಲ್ಲಿನ ಬದಲಾವಣೆ, ಒತ್ತಡವಿಲ್ಲದ ಆಟ ಹೀಗೆ ಹಲವು ಕಾರಣ ಹೇಳಬಹುದು. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕಿತ್ತು. ಆಟಗಾರರನ್ನು ಬಲ್ಲ, ಅವರ ಭಾಷೆಯಲ್ಲಿ ಮಾತನಾಡಬಲ್ಲ, ಕಿರಿಯರ ತಂಡದಿಂದಲೇ ಅವರಲ್ಲಿ ಹಲವರ ಬೆಳವಣಿಗೆಯನ್ನು ಕಂಡಿದ್ದ ಈ ಸಹಾಯಕರನ್ನು ಮುಂದಿನ ನಾಲ್ಕೈದು ವರ್ಷಗಳಲ್ಲಿ ಮುಖ್ಯ ಹುದ್ದೆಗೆ ಸಜ್ಜುಗೊಳಿಸುವ ಯೋಜನೆಯೇನು? ಅಂಥ ಯೋಜನೆಯೊಂದು ಸಾರ್ವಜನಿಕರ ಮುಂದೆ ಬರಲಿಲ್ಲ. ಶಿವೇಂದ್ರ ಸಿಂಗ್ ರೀಡ್ ಅವರ ಸಹಾಯಕರಾಗಿ ಟೋಕಿಯೊ ಕಂಚು ಕಂಡರು, ಫುಲ್ಟನ್ ಅವರ ಸಹಾಯಕರಾಗಿ ಪ್ಯಾರಿಸ್ ಕಂಚು ಕಂಡರು. ಮುಖ್ಯಸ್ಥರು ಬದಲಾದರೂ ತಂಡದ ನೆನಪನ್ನು ಕಾದಿಟ್ಟುಕೊಂಡವರು ಇಂಥ ಸಹಾಯಕರೇ. 2023ರ ಸಾಲಿನ ದ್ರೋಣಾಚಾರ್ಯ ಪ್ರಶಸ್ತಿ ಅವರಿಗೆ ಸಂದಿತು. ಪ್ರಶಸ್ತಿ ಕೊಡುವುದು ಸುಲಭ, ಅಧಿಕಾರ ಕೊಡುವುದು ಕಷ್ಟ.

ಸಹಾಯಕಿಯೊಬ್ಬರನ್ನು ನಿಜವಾಗಿಯೂ ಬಡ್ತಿ ನೀಡಿ ಮುಖ್ಯ ಹುದ್ದೆಗೆ ತಂದ ಉದಾಹರಣೆಯೊಂದು ಭಾರತದ ಹಾಕಿಯಲ್ಲೇ ಇದೆ. ಅದರಲ್ಲೂ ಪಾಠವಿದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳಾ ತಂಡ ಮೊದಲ ಮೂರು ಪಂದ್ಯ ಸೋತು, ನಂತರ ಪುಟಿದೆದ್ದು, ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 1-0ಯಿಂದ ಮಣಿಸಿ ನಾಲ್ಕನೇ ಸ್ಥಾನ ಪಡೆದದ್ದು ಎಲ್ಲರಿಗೂ ನೆನಪಿದೆ. ಆಗಿನ ಮುಖ್ಯ ತರಬೇತುದಾರ ಶೋರ್ಡ್ ಮರೈನ್ ನಿರ್ಗಮಿಸಿದ ಮೇಲೆ ಅವರೊಂದಿಗೆ ವಿಶ್ಲೇಷಣಾ ತರಬೇತುದಾರರಾಗಿದ್ದ ನೆದರ್ಲೆಂಡ್ಸ್‌ನ ಯಾನೆಕೆ ಶೋಪ್‌ಮನ್ ಅವರಿಗೆ ಹೊಣೆ ವಹಿಸಲಾಯಿತು. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ, ಕೊರೊನಾ ಕಾಲದ ದೀರ್ಘ ನಿರ್ಬಂಧದ ನಡುವೆ ತಂಡದೊಂದಿಗೆ ದುಡಿದಿದ್ದವರು ಅವರು. ಆಟಗಾರ್ತಿಯರಿಗೆ ಹೊಸ ಮುಖವೂ ಇರಲಿಲ್ಲ, ಹೊಸ ವಿಧಾನವೂ ಇರಲಿಲ್ಲ. ಫಲವೂ ಸಿಕ್ಕಿತು: 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು, ಅದೇ ವರ್ಷ ನೇಷನ್ಸ್ ಕಪ್, 2023ರಲ್ಲಿ ರಾಂಚಿಯಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ.

ಆದರೆ 2024ರ ಜನವರಿಯಲ್ಲಿ ಅದೇ ರಾಂಚಿಯಲ್ಲಿ ಜಪಾನ್ ವಿರುದ್ಧ 0-1ರಿಂದ ಸೋತ ಭಾರತ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಕಳೆದುಕೊಂಡಿತು. ಮರುತಿಂಗಳು, ತಮ್ಮ ಕೆಲಸಕ್ಕೆ ಬೆಲೆ ಸಿಗುತ್ತಿಲ್ಲವೆಂಬ ನೋವನ್ನು ಶೋಪ್‌ಮನ್ ಬಹಿರಂಗವಾಗಿ ತೋಡಿಕೊಂಡು ರಾಜೀನಾಮೆ ನೀಡಿದರು. ಅವರ ನಂತರ 2024ರಲ್ಲಿ ಹರೇಂದ್ರ ಸಿಂಗ್ ಮತ್ತೆ ಬಂದರು. 2025ರ ಕೊನೆಯಲ್ಲಿ ಅವರೂ ಹೊರನಡೆದರು. ಬಡ್ತಿ ಎಂಬುದು ಆದೇಶಪತ್ರದಲ್ಲಿ ಮುಗಿಯುವ ಸಂಗತಿಯಲ್ಲ ಎಂಬುದು ಇಲ್ಲಿನ ಪಾಠ. ನಿನ್ನೆಯವರೆಗೆ ಎರಡನೆಯವರಾಗಿದ್ದವರನ್ನು ಮೊದಲನೆಯವರನ್ನಾಗಿ ಮಾಡಿದ ಮೇಲೆ ಆಯ್ಕೆ, ಶಿಬಿರ, ಸಿಬ್ಬಂದಿಯ ವಿಷಯದಲ್ಲಿ ಅವರ ಮಾತಿಗೆ ತೂಕ ಇರಬೇಕು. ಆ ತೂಕ ಕೊಡದೆ ಕುರ್ಚಿಯನ್ನಷ್ಟೇ ಕೊಟ್ಟರೆ, ಸೋಲಿನ ದಿನ ಉತ್ತರಿಸಬೇಕಾದ ಹೊಣೆ ಮಾತ್ರ ಅವರದಾಗುತ್ತದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಟೋಕಿಯೊದಲ್ಲಿ ಆ ಮಹಿಳಾ ತಂಡದೊಂದಿಗೆ ಸಹಾಯಕ ತರಬೇತುದಾರ್ತಿಯಾಗಿದ್ದವರಲ್ಲಿ ನಮ್ಮವರೇ ಆದ ಬಿ.ಎಸ್. ಅಂಕಿತಾ ಕೂಡ ಒಬ್ಬರು. ಕರ್ನಾಟಕದ ಹಾಕಿಗೆ ಇದು ಹೊಸತಲ್ಲ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್ ಮುಂದೆ ರಾಷ್ಟ್ರೀಯ ತಂಡಕ್ಕೆ ತರಬೇತಿ ನೀಡಿದರು. ಭಾರತ ತಂಡದ ನಾಯಕರಾಗಿದ್ದ ಜೂಡ್ ಫೆಲಿಕ್ಸ್ ಬೆಂಗಳೂರಿನಲ್ಲಿ ಮಕ್ಕಳಿಗಾಗಿ ಹಾಕಿ ಅಕಾಡೆಮಿ ಕಟ್ಟಿದರು, 2020ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಗೆ ಪಾತ್ರರಾದರು. ಕೊಡಗಿನಲ್ಲಿ ಕುಟುಂಬಗಳ ನಡುವೆ 1997ರಿಂದ ನಡೆದುಬಂದಿರುವ ಹಾಕಿ ಉತ್ಸವಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿದ್ದವು. ಇಷ್ಟು ಆಟಗಾರರನ್ನು, ಇಷ್ಟು ಶಿಕ್ಷಕ ಮನೋಭಾವದವರನ್ನು ಕೊಟ್ಟ ನಾಡಿನಿಂದ ಕಳೆದ ಒಂದೂವರೆ ದಶಕದಲ್ಲಿ ರಾಷ್ಟ್ರೀಯ ಪುರುಷರ ತಂಡಕ್ಕೆ ಪೂರ್ಣಾವಧಿಯ ಮುಖ್ಯ ತರಬೇತುದಾರರೊಬ್ಬರೂ ಬರಲಿಲ್ಲವೆಂದರೆ, ಕೊರತೆ ಪ್ರತಿಭೆಯದೋ ಅವಕಾಶದ್ದೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಸಹಾಯಕನಿಗೆ ಬಡ್ತಿ ನೀಡುವುದರ ವಿರುದ್ಧದ ವಾದಗಳನ್ನು ತಳ್ಳಿಹಾಕುವಂತಿಲ್ಲ. ತಂಡ ಸೋತು ಮುಖ್ಯಸ್ಥ ಹೊರಬಿದ್ದಿರುವಾಗ ಆತನ ಸಹಾಯಕ ಆ ಸೋಲಿನ ಪಾಲುದಾರನೂ ಹೌದು. ಅದೇ ತಂತ್ರ, ಅದೇ ಒಲವು, ಅದೇ ಕುರುಡು ಅವನಲ್ಲೂ ಇರಬಹುದು. ಆಟಗಾರರು ಮುಖ್ಯಸ್ಥನಿಗೆ ಹೇಳಲಾಗದ್ದನ್ನು ಸಹಾಯಕನ ಬಳಿ ಹೇಳಿಕೊಳ್ಳುತ್ತಾರೆ. ತಂಡದಿಂದ ಕೈಬಿಟ್ಟಾಗ ಹೆಗಲ ಮೇಲೆ ಕೈ ಹಾಕುವವನು ಆತ. ನಾಳೆ ಅದೇ ವ್ಯಕ್ತಿ ಕೈಬಿಡುವವನಾದಾಗ ಆ ಸಲುಗೆ ಮುಳುವಾಗಬಹುದು. ನಮ್ಮಲ್ಲಿ ಪ್ರಾಂತ್ಯ, ರಾಜ್ಯ, ಸಂಸ್ಥೆಗಳ ಹೆಸರಿನಲ್ಲಿ ಆಯ್ಕೆಯ ಮೇಲೆ ಒತ್ತಡ ಬರುವುದೂ ಹೊಸತಲ್ಲ. ಹೊರಗಿನವನಿಗೆ ಯಾರ ಹಂಗೂ ಇಲ್ಲ ಎಂಬುದೇ ವಿದೇಶಿ ತರಬೇತುದಾರನ ಪರವಾದ ಅತಿ ಬಲವಾದ ವಾದ. ಇವೆಲ್ಲ ನಿಜವಾದ ತೊಡಕುಗಳು. ಆದರೆ ಇವು ಆಯ್ಕೆಯನ್ನು ಎಚ್ಚರಿಕೆಯಿಂದ ಮಾಡಲು ಕಾರಣಗಳೇ ಹೊರತು ಬಾಗಿಲನ್ನೇ ಮುಚ್ಚಲು ಕಾರಣಗಳಲ್ಲ.

ಪಕ್ಕದ ಫುಟ್‌ಬಾಲ್ ಅಂಗಳದತ್ತ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೆಂಗಳೂರು ಎಫ್‌ಸಿ ತಂಡಕ್ಕೆ 2016ರಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದಾಗ ಅವರೊಂದಿಗೆ ಸಹಾಯಕರಾಗಿ ಬಂದವರು ಕಾರ್ಲೆಸ್ ಕ್ವಾಡ್ರಾಟ್. 2018ರ ಮಾರ್ಚ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್ಎಲ್ ಫೈನಲ್ ಸೋತ ನೋವು ತಂಡಕ್ಕಿತ್ತು. ರೋಕಾ ಹೋದ ಮೇಲೆ ಕ್ಲಬ್ ಕ್ವಾಡ್ರಾಟ್ ಅವರಿಗೇ ಹೊಣೆ ನೀಡಿತು. ಮರುವರ್ಷ, 2019ರ ಮಾರ್ಚ್ 17ರಂದು, ಮುಂಬೈನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೆಕೆ ಹೊಡೆದ ಗೋಲಿನಿಂದ ಬೆಂಗಳೂರು ಐಎಸ್ಎಲ್ ಚಾಂಪಿಯನ್ ಆಯಿತು. ನಂತರ ತಂಡ ಸತತವಾಗಿ ಸೋತಾಗ 2021ರ ಜನವರಿಯಲ್ಲಿ ಕ್ವಾಡ್ರಾಟ್ ಅವರನ್ನು ಕೈಬಿಟ್ಟದ್ದೂ ಉಂಟು. ಆಗ ಸಹಾಯಕರಾಗಿದ್ದ ನೌಶಾದ್ ಮೂಸಾ ಹಂಗಾಮಿಯಾಗಿ ತಂಡ ನಡೆಸಿದರು. ಪೂರ್ಣಾವಧಿಗೆ ಜರ್ಮನಿಯ ಮಾರ್ಕೊ ಪೆಜ್ಜಯೋಲಿ ಬಂದರು. ಒಂದೇ ಕ್ಲಬ್ಬಿನಲ್ಲಿ ವಿದೇಶಿ ಸಹಾಯಕನಿಗೆ ಪೂರ್ಣ ಬಡ್ತಿ, ಭಾರತೀಯ ಸಹಾಯಕನಿಗೆ ಹಂಗಾಮಿ ಪಟ್ಟ!

ಅದೇ ತಿಂಗಳು ಈಶಾನ್ಯದಲ್ಲಿ ಬೇರೆಯದೇ ಕಥೆ ನಡೆಯಿತು. ನಾರ್ತ್‌ಈಸ್ಟ್ ಯುನೈಟೆಡ್ ತಂಡ ತನ್ನ ಸ್ಪೇನ್ ತರಬೇತುದಾರನನ್ನು ಕೈಬಿಟ್ಟು ಸಹಾಯಕ ಖಾಲಿದ್ ಜಮೀಲ್ ಅವರಿಗೆ ಹಂಗಾಮಿ ಹೊಣೆ ನೀಡಿತು. ಸೋಲಿಲ್ಲದ ಸರಣಿಯೊಂದಿಗೆ ಅವರು ತಂಡವನ್ನು ಸೆಮಿಫೈನಲ್‌ಗೆ ಮುಟ್ಟಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಲಬ್ ಅವರನ್ನು ಕಾಯಂ ಮಾಡಿತು. ಐಎಸ್ಎಲ್‌ನಲ್ಲಿ ಕಾಯಂ ಮುಖ್ಯ ತರಬೇತುದಾರನಾದ ಮೊದಲ ಭಾರತೀಯ ಅವರು. 2025ರ ಆಗಸ್ಟ್‌ನಲ್ಲಿ ಭಾರತ ಫುಟ್‌ಬಾಲ್ ತಂಡದ ಮುಖ್ಯ ತರಬೇತುದಾರ ಹುದ್ದೆಯೂ ಅವರನ್ನು ಅರಸಿ ಬಂದಿತು. ಒಂದು ಕ್ಲಬ್ 'ಹಂಗಾಮಿ' ಎಂಬ ಪದವನ್ನು ಅಳಿಸುವ ಧೈರ್ಯ ಮಾಡದಿದ್ದರೆ ಈ ದಾರಿ ತೆರೆಯುತ್ತಿತ್ತೆ?

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಜನರ ಸ್ವಭಾವವನ್ನು ಚೆನ್ನಾಗಿ ಹಿಡಿದಿದೆ. ಆದರೆ ಹಿತ್ತಲ ಗಿಡ ಮದ್ದಾದದ್ದಕ್ಕೆ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲೇ ಉದಾಹರಣೆಯಿದೆ. ಹಲಸಿಗೆ ಹೆಸರಾದ ಆ ಊರಿನ ರೈತರೊಬ್ಬರ ತೋಟದಲ್ಲಿ ಕೆಂಪು ತೊಳೆಯ ಹಲಸಿನ ಮರವೊಂದು ವರ್ಷಗಳಿಂದ ಹಣ್ಣು ಬಿಡುತ್ತಲೇ ಇತ್ತು. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದರ ಗುಣವನ್ನು ಪರೀಕ್ಷಿಸಿ, 'ಸಿದ್ದು' ಎಂಬ ತಳಿಯಾಗಿ ಗುರುತಿಸಿ, ಕಸಿ ಮಾಡಿ ಬೆಳೆಸುವ ವ್ಯವಸ್ಥೆ ಮಾಡಿದ ಮೇಲೆ ಅದರ ಸಸಿಗಳಿಗೆ ದೂರದೂರದಿಂದ ಬೇಡಿಕೆ ಬಂತು. ಮರ ಬದಲಾಗಲಿಲ್ಲ. ಬದಲಾದದ್ದು ನೋಡುವ ಕಣ್ಣು, ಪರೀಕ್ಷಿಸುವ ಕ್ರಮ, ಬೆಳೆಸುವ ವ್ಯವಸ್ಥೆ. ಕ್ರೀಡಾ ಆಡಳಿತಕ್ಕೆ ಬೇಕಿರುವುದೂ ಈ ಮೂರೇ. ಮನೆಯದೆಂಬ ಕಾರಣಕ್ಕೆ ಹೊಗಳುವುದು ಬೇಡ, ಮನೆಯದೆಂಬ ಕಾರಣಕ್ಕೆ ಅಲಕ್ಷಿಸುವುದೂ ಬೇಡ. ಪರೀಕ್ಷೆ ಮಾಡಲಿ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ವಿದೇಶಿ ಮುಖ್ಯ ತರಬೇತುದಾರರೊಂದಿಗೆ ಮಾಡಿಕೊಳ್ಳುವ ಕರಾರಿನಲ್ಲಿಯೇ ಉತ್ತರಾಧಿಕಾರಿಯನ್ನು ತಯಾರು ಮಾಡುವ ಷರತ್ತು ಸೇರಬೇಕು. ಪದಕ ತರುವುದು ಅವರ ಕೆಲಸದ ಅರ್ಧ ಭಾಗ. ತಾವು ಹೊರಟ ದಿನ ಆ ಜಾಗದಲ್ಲಿ ನಿಲ್ಲಬಲ್ಲ ಇಬ್ಬರು ಭಾರತೀಯರನ್ನು ಬಿಟ್ಟುಹೋಗುವುದು ಇನ್ನರ್ಧ. ಎರಡನೆಯದಾಗಿ, ಸಹಾಯಕರಿಗೆ ಕಡಿಮೆ ಒತ್ತಡದ ಪ್ರವಾಸಗಳಲ್ಲಿ, 'ಎ' ತಂಡದಲ್ಲಿ, ಕಿರಿಯರ ತಂಡದಲ್ಲಿ ಸಂಪೂರ್ಣ ಸ್ವಾತಂತ್ರ್ಯದೊಂದಿಗೆ ಮುಖ್ಯಸ್ಥರಾಗಿ ದುಡಿಯಲು ಅವಕಾಶ ಇರಬೇಕು. ತೀರ್ಮಾನ ತೆಗೆದುಕೊಳ್ಳುವುದನ್ನು ತೀರ್ಮಾನ ತೆಗೆದುಕೊಂಡೇ ಕಲಿಯಬೇಕು. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತು ಕಲಿಯಲಾಗದು.

ಮೂರನೆಯದಾಗಿ, ಬಡ್ತಿ ನೀಡಿದಾಗ ಅವಧಿಯನ್ನು ಮೊದಲೇ ಘೋಷಿಸಬೇಕು. ಒಲಿಂಪಿಕ್ಸ್‌ನಿಂದ ಒಲಿಂಪಿಕ್ಸ್‌ವರೆಗಿನ ನಾಲ್ಕು ವರ್ಷ ಸಹಜವಾದ ಅಳತೆ. ವಿದೇಶಿಯೊಬ್ಬರಿಗೆ ನಾಲ್ಕು ವರ್ಷ, ಭಾರತೀಯನಿಗೆ ಎಂಟು ತಿಂಗಳು ಎಂಬ ಎರಡು ತಕ್ಕಡಿ ನಿಲ್ಲಬೇಕು. ನಾಲ್ಕನೆಯದಾಗಿ, ಆಯ್ಕೆ ಜೇಷ್ಠತೆಯ ಪಟ್ಟಿಯ ಮೇಲಾಗಲಿ, ಪದಾಧಿಕಾರಿಗಳ ಇಷ್ಟಾನಿಷ್ಟದ ಮೇಲಾಗಲಿ ನಡೆಯಬಾರದು. ಸಹಾಯಕನೂ ಹೊರಗಿನ ಅಭ್ಯರ್ಥಿಗಳೊಂದಿಗೆ ಅದೇ ಸಂದರ್ಶನ ಎದುರಿಸಲಿ, ಸೋಲಿನಲ್ಲಿ ತನ್ನ ಪಾಲೆಷ್ಟು, ತಾನು ಬದಲಿಸುವುದೇನು ಎಂಬುದಕ್ಕೆ ಉತ್ತರ ಕೊಡಲಿ. ಆಯ್ಕೆಗೆ ಕಾರಣವನ್ನು ಸಾರ್ವಜನಿಕರಿಗೆ ತಿಳಿಸಲಿ.

ಇದರ ಪರಿಣಾಮ ರಾಷ್ಟ್ರೀಯ ತಂಡಕ್ಕೆ ಮಾತ್ರ ಸೀಮಿತವಲ್ಲ. 2019ರಲ್ಲಿ ಹಾಕಿ ಇಂಡಿಯಾ ತರಬೇತುದಾರರಿಗಾಗಿ ಹಂತಹಂತದ ಶಿಕ್ಷಣ ಕಾರ್ಯಕ್ರಮ ಆರಂಭಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ಮೆಟ್ಟಿಲುಗಳನ್ನು ಕಟ್ಟಿ ಮೇಲಿನ ಕೋಣೆಗೆ ಬೀಗ ಹಾಕಿದರೆ ಹತ್ತುವವರಾದರೂ ಏಕೆ ಹತ್ತಬೇಕು? 2017ರ ಬಳಿಕ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್‌ನಲ್ಲಿ ಪುರುಷರ ಎಂಟು ತಂಡಗಳೊಂದಿಗೆ ಮರಳಿತು. ಆ ಋತುವಿನಲ್ಲಿ ಬಹುತೇಕ ತಂಡಗಳ ಚುಕ್ಕಾಣಿ ವಿದೇಶಿಯರ ಕೈಯಲ್ಲಿತ್ತು. ಕರ್ನಾಟಕದ ಹೆಸರಿನ ತಂಡವೇ ಇರಲಿಲ್ಲ. ವೃತ್ತಿಪರ ಲೀಗ್ ನಮ್ಮ ಸಹಾಯಕರಿಗೆ ಶಾಲೆಯಾಗಬೇಕಿತ್ತು. ಪ್ರತಿ ತಂಡದಲ್ಲೂ ಭಾರತೀಯನೊಬ್ಬನಿಗೆ ಹೆಸರಿಗಷ್ಟೇ ಅಲ್ಲದೆ ನಿಜವಾದ ಹೊಣೆಯುಳ್ಳ ಸ್ಥಾನವನ್ನು ಕಡ್ಡಾಯಗೊಳಿಸುವುದು ಕಷ್ಟದ ಕೆಲಸವೇನಲ್ಲ. ಆಡುವ ಹನ್ನೊಂದರಲ್ಲಿ ವಿದೇಶಿಯರ ಮಿತಿ ಇರಬಹುದಾದರೆ ತರಬೇತಿಯ ಬೆಂಚಿಗೇಕೆ ಒಂದು ನಿಯಮ ಇರಬಾರದು?

ಜಿಲ್ಲಾ ಕ್ರೀಡಾ ವಸತಿ ನಿಲಯಗಳಲ್ಲಿ, ಹೋಬಳಿ ಮಟ್ಟದ ಪ್ರೌಢಶಾಲೆಗಳಲ್ಲಿ ಬೆಳಗಿನ ಐದೂವರೆಗೆ ಮಕ್ಕಳನ್ನು ಮೈದಾನಕ್ಕಿಳಿಸುವ ದೈಹಿಕ ಶಿಕ್ಷಕರಿದ್ದಾರೆ. ಆಟ ನಿಲ್ಲಿಸಿದ ಮೇಲೆ ತರಬೇತಿಯನ್ನೇ ಬದುಕಾಗಿಸಿಕೊಳ್ಳಬೇಕೆಂದು ಬಯಸುವ ಯುವಕ ಯುವತಿಯರಿದ್ದಾರೆ. ಅವರ ಮುಂದೆ ಸ್ಪಷ್ಟವಾದ ದಾರಿ ಕಾಣಬೇಕು. ಕೆಲಸ ಕಲಿತರೆ, ಓದಿದರೆ, ಫಲಿತಾಂಶ ತೋರಿಸಿದರೆ ರಾಷ್ಟ್ರದ ತಂಡದ ಹೊಣೆ ತನಗೂ ದಕ್ಕಬಹುದೆಂಬ ಭರವಸೆ ಇಲ್ಲದಿದ್ದರೆ, ಉತ್ತಮರು ಬೇರೆ ವೃತ್ತಿ ಹಿಡಿಯುತ್ತಾರೆ. ಉಳಿದವರು ಸಹಾಯಕರಾಗಿಯೇ ನಿವೃತ್ತರಾಗುತ್ತಾರೆ.

ಸಹಾಯಕನನ್ನು ಮುಖ್ಯಸ್ಥನನ್ನಾಗಿ ಮಾಡುವುದು ಔದಾರ್ಯದ ಪ್ರಶ್ನೆಯಲ್ಲ, ದೇಶಾಭಿಮಾನದ ಪ್ರಶ್ನೆಯೂ ಅಲ್ಲ. ಎಂಟು ಚಿನ್ನ ಗೆದ್ದ ದೇಶವೊಂದು ತನ್ನ ವಿದ್ಯೆಯನ್ನು ತಾನೇ ಮುಂದಿನ ಪೀಳಿಗೆಗೆ ದಾಟಿಸಬಲ್ಲುದೇ ಎಂಬ ಪ್ರಶ್ನೆ ಅದು. ಮುಂದಿನ ಸಲ ಆ ಕುರ್ಚಿ ತೆರವಾದಾಗ ಜಾಹೀರಾತು ಹೊರದೇಶಕ್ಕೂ ಹೋಗಲಿ. ಆದರೆ ಮೊದಲ ಸಂದರ್ಶನಕ್ಕೆ ತಂಡದ ಬೆಂಚಿನ ಮೇಲೆ ಎರಡನೆಯವನಾಗಿ ಕುಳಿತಿರುವವನನ್ನು ಕರೆಯುವ ಸೌಜನ್ಯವನ್ನೂ ವಿವೇಕವನ್ನೂ ಹಾಕಿ ಇಂಡಿಯಾ ತೋರಬೇಕು.